ಜಾತ್ರೆಗೆ ಮುಂಚಿನ ಸುಣ್ಣ

ಮೈಸೂರಿನಿಂದ ನಂಜನಗೂಡಿಗೆ ರೈಲಿನಲ್ಲಿ ಬರುತ್ತಿದ್ದವರೆಲ್ಲ ಒಂದು ಕಾಲಕ್ಕೆ ಸುಣ್ಣದ ಮೇಲೆಯೇ ಕಪಿಲೆಯನ್ನು ದಾಟುತ್ತಿದ್ದರು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆ ಅದು. ಕಲ್ಲು, ಇಟ್ಟಿಗೆ, ಅವೆರಡನ್ನೂ ಕಚ್ಚಿ ಹಿಡಿದ ಗಾರೆ. ಸಿಮೆಂಟಿನ ಹೆಸರೇ ಇಲ್ಲದ ಕಾಲ. ಎತ್ತಿನಗಾಡಿ, ಕುದುರೆ, ಪಲ್ಲಕ್ಕಿ ಓಡಾಡಲೆಂದು ಕಟ್ಟಿದ ಕಮಾನುಗಳ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಮೀಟರ್‌ಗೇಜ್ ಹಳಿ ಬಂದು ಕೂತಿತು. ಉಗಿಬಂಡಿಯ ಭಾರವನ್ನೂ ಆ ಗಾರೆ ತಾಳಿಕೊಂಡಿತು.

ನಮ್ಮದು ಗಾರೆ ಕೆಲಸದ ಮನೆತನ. ಅಪ್ಪ ನಂಜನಗೂಡಿನ ಬೀದಿಗಳಲ್ಲಿ ಗಾರೆ, ಸುಣ್ಣ ಎರಡನ್ನೂ ಮಾಡಿದವರು. ನಾನು ಸಿವಿಲ್ ಡಿಪ್ಲೊಮಾ ಓದಿ ತಿ. ನರಸೀಪುರದಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್ ಆದೆ. ಸೇತುವೆಯ ಗಾರೆ ಎಷ್ಟು ಗಟ್ಟಿ ಎಂದು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಸುಣ್ಣ ಬಿಸಿಲನ್ನು ಏನು ಮಾಡುತ್ತಿತ್ತು ಎಂದು ಕೇಳಿದವರು ಕಡಿಮೆ. ನಾನು ಹೇಳಹೊರಟಿರುವುದು ಅದನ್ನೇ.

ಆಗ ಸುಣ್ಣ ಚೀಲದಲ್ಲಿ ಬರುತ್ತಿರಲಿಲ್ಲ. ಕರಿಮಣ್ಣಿನ ಹೊಲ ಉಳುವಾಗ ಮೇಲೇಳುವ ಸುಣ್ಣದ ಹರಳನ್ನು ಆಯ್ದು ತಂದು, ಸುಣ್ಣದ ಗೂಡಿನಲ್ಲಿ ಸೌದೆ, ಇದ್ದಿಲಿನ ಜೊತೆ ಪದರ ಪದರವಾಗಿ ಪೇರಿಸಿ ಸುಡುತ್ತಿದ್ದರು. ಬಿಸಿ 900 ಡಿಗ್ರಿಯ ಹತ್ತಿರ ಹೋದಾಗ ಹರಳಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ, ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಎಳೆದುಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ.

ಗಾರೆಗಾದರೆ ಈ ಸುಣ್ಣಕ್ಕೆ ಮರಳು ಬೆರೆಸಿ ಗಾಣದಲ್ಲಿ ಅರೆಯಬೇಕು. ನೆಲದಲ್ಲಿ ದುಂಡಗೆ ತೋಡಿದ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಎಳೆಯಲು ಒಂದು ಜೊತೆ ಎತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದೂ ಇತ್ತು. ಗೋಡೆಯ ಸುಣ್ಣದ ಪಾಡು ಬೇರೆ. ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಯಬೇಕು, ಹಳೆಯ ಪಂಚೆಯಲ್ಲಿ ಸೋಸಬೇಕು, ಮೈಗೆ ಅಂಟದಿರಲಿ ಎಂದು ಗೋಂದು, ಹಳದಿ ಛಾಯೆ ಹೋಗಲಿ ಎಂದು ಚಿಟಿಕೆ ನೀಲಿ. ಕುಂಚವೂ ಮನೆಯದ್ದೇ, ಕತ್ತಾಳೆಯ ನಾರು ಜಜ್ಜಿ ಕಟ್ಟಿದ್ದು. ಬಳಿದ ತಕ್ಷಣ ಗೋಡೆ ಬೂದುಬೂದಾಗಿ ಕಂಡು ಮನೆಯ ಯಜಮಾನರ ಮುಖ ಸಣ್ಣಗಾಗುತ್ತಿತ್ತು. “ನಾಳೆ ಬೆಳಿಗ್ಗೆ ನೋಡಿ ಬುದ್ಧಿ” ಎಂದಷ್ಟೇ ಹೇಳಿ ಅಪ್ಪ ಏಣಿ ಹೊತ್ತು ಹೊರಡುತ್ತಿದ್ದರು. ಸುಣ್ಣದ ಕಣಗಳ ನಡುವೆ ನೀರು ತುಂಬಿರುವಷ್ಟು ಹೊತ್ತು ಬೆಳಕು ಒಳಗೆ ತೂರಿ ಹಿಂದಿನ ಗೋಡೆಯವರೆಗೂ ಹೋಗುತ್ತದೆ. ನೀರು ಆರಿ ಆ ಜಾಗದಲ್ಲಿ ಗಾಳಿ ಕೂತ ಮೇಲೆ ಕಣಕಣವೂ ಬೆಳಕನ್ನು ಚೆದುರಿಸಿ ವಾಪಸು ಕಳಿಸುತ್ತದೆ. ಬೆಳಗಾಗುವ ಹೊತ್ತಿಗೆ ಗೋಡೆ ಬೆಳ್ಳಗಾಗುವ ಗುಟ್ಟು ಇಷ್ಟೇ.

ಸುಣ್ಣಕ್ಕೊಂದು ಕಾಲವಿತ್ತು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ, ಉಗಾದಿಯ ಆಸುಪಾಸು. ಪಂಚ ಮಹಾರಥಗಳು ಹೊರಡುವ ಮೊದಲು ರಥಬೀದಿಯ ಮನೆಗಳೆಲ್ಲ ಸುಣ್ಣ ಕಾಣಬೇಕು. ಕೆಳಗೆ ಕೆಮ್ಮಣ್ಣಿನ ಪಟ್ಟೆ, ಮೇಲೆ ಬಿಳಿ. ಅಪ್ಪನಿಗೆ ಊಟಕ್ಕೂ ಬಿಡುವಿರದ ದಿನಗಳು ಅವು. ಜಾತ್ರೆಗೆ ಮುಂಚೆಯೇ ಏಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ, “ಆಮೇಲೆ ಹೊಡೆದ್ರೆ ನೋಡೋರ್ಯಾರ್ಲಾ?”

ಹಿರಿಯರು ಎಲ್ಲವನ್ನೂ ವಿಜ್ಞಾನ ತಿಳಿದೇ ಮಾಡುತ್ತಿದ್ದರು ಎನ್ನುವವರಿಗೆ ಅಪ್ಪನ ಈ ಮಾತನ್ನು ಹೇಳುತ್ತಿರುತ್ತೇನೆ. ಸುಣ್ಣ ಹೊಡೆದದ್ದು ಹಬ್ಬಕ್ಕೆ, ನೆಂಟರ ಕಣ್ಣಿಗೆ, ತಿಗಣೆ-ಜಿರಲೆ ಸಾಯಲೆಂದು. ಸೆಕೆಗೆಂದು ಯಾರೂ ಹೊಡೆಯಲಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಬಿಸಿಲು ಅತಿ ಜೋರಾಗುವುದು ಆ ತಿಂಗಳುಗಳಲ್ಲೇ. ಪಾದರಸ 35 ಡಿಗ್ರಿಯ ಆಸುಪಾಸು ಆಡುವುದು ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಮಳೆ ಹನಿದು ಇಳಿಯುತ್ತದೆ. ಊರು 12 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ ಇರುವುದರಿಂದ ಏಪ್ರಿಲ್ ನಾಲ್ಕನೇ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ವರ್ಷದಲ್ಲೇ ಗೋಡೆಗಳು ಅತಿ ಬೆಳ್ಳಗಿರುವ ದಿನಗಳೂ ಸೂರ್ಯ ಅತಿ ಮೇಲಿರುವ ದಿನಗಳೂ ಹೀಗೆ ಒಂದಕ್ಕೊಂದು ಕೂಡಿಬಂದವು. ಕಾರಣ ಹಬ್ಬವೇ ಇರಲಿ, ಲಾಭ ಮಾತ್ರ ಮನೆಗೆ ಸಿಗುತ್ತಿತ್ತು.

ಆ ಲಾಭವನ್ನು ಅಳೆಯುವ ಲೆಕ್ಕ ಸುಲಭದ್ದು. ವಸ್ತುವಿನ ಮೇಲೆ ಬಿದ್ದ ವಿಕಿರಣ ಮೂರು ದಾರಿ ಹಿಡಿಯಬಹುದು: ಒಂದಿಷ್ಟು ಪ್ರತಿಫಲನವಾಗಿ ಹಿಂದಕ್ಕೆ, ಒಂದಿಷ್ಟು ಗಾಜಿನಲ್ಲಾಗುವಂತೆ ಆಚೆಗೆ, ಉಳಿದದ್ದು ವಸ್ತುವಿನೊಳಕ್ಕೆ. ಮೂರನ್ನೂ ಕೂಡಿದರೆ ಒಂದು. ಬಿದ್ದದ್ದರಲ್ಲಿ ಒಳಗೆ ಹೀರಿಹೋದ ಪಾಲೇ ಆ ಮೈಯ ಹೀರಿಕೆ ಗುಣಾಂಕ. ಸೊನ್ನೆಯಿಂದ ಒಂದರ ನಡುವಿನ ಬರೀ ಒಂದು ಸಂಖ್ಯೆ, ಅದಕ್ಕೆ ಮಾನವಿಲ್ಲ. ಗೋಡೆ, ಸೂರಿನಂತಹವುಗಳ ಮೂಲಕ ಬೆಳಕು ಹಾಯುವುದಿಲ್ಲವಾದ್ದರಿಂದ ಅಲ್ಲಿ ಲೆಕ್ಕ ಇನ್ನೂ ಹಗುರ: ಪ್ರತಿಫಲಿಸದೆ ಉಳಿದದ್ದೆಲ್ಲ ಹೀರಿದ್ದೇ. ಬಿಸಿಲಿನ ಮಟ್ಟಿಗೆ ಹೊಸ ಸುಣ್ಣ ಹೀರುವುದು ಸುಮಾರು ಐದನೇ ಒಂದು ಪಾಲು, ಅಂದರೆ 0.2. ಕೆಂಪು ಹೆಂಚು 0.6ರಿಂದ 0.7. ಹೊಸ ಡಾಂಬರು 0.9ಕ್ಕೂ ಮೇಲೆ. ಜಾತ್ರೆಗೆ ಬರಿಗಾಲಲ್ಲಿ ಬರುವವರಿಗೆ ಈ ಕೊನೆಯ ಸಂಖ್ಯೆಯನ್ನು ಬಾಯಲ್ಲಿ ಹೇಳಿ ತಿಳಿಸಬೇಕಾಗಿಲ್ಲ, ಅಂಗಾಲಿಗೆ ಗೊತ್ತು. ಈಗ ಅನೇಕ ದೇವಸ್ಥಾನಗಳ ಪ್ರಾಕಾರದಲ್ಲಿ ಭಕ್ತರು ಪ್ರದಕ್ಷಿಣೆ ಬರಲೆಂದು ಕಲ್ಲುಚಪ್ಪಡಿಯ ಮೇಲೆ ಬಿಳಿಬಣ್ಣದ ಪಟ್ಟೆ ಹೊಡೆದಿರುತ್ತಾರೆ. ಕಲ್ಲು ಅದೇ, ಬಿಸಿಲು ಅದೇ; ಬದಲಾದದ್ದು ಮೇಲಿನ ಕಾಗದದಷ್ಟು ತೆಳು ಪದರ ಮಾತ್ರ.

ಈ ತಿಳಿವಳಿಕೆ ಬೆಳೆದದ್ದು ಚಳಿ ದೇಶಗಳಲ್ಲಿ. ಬೆಂಜಮಿನ್ ಫ್ರಾಂಕ್ಲಿನ್ ಬಗೆಬಗೆ ಬಣ್ಣದ ಬಟ್ಟೆ ತುಂಡುಗಳನ್ನು ಬಿಸಿಲು ಬಿದ್ದ ಹಿಮದ ಮೇಲೆ ಹರಡಿ ನೋಡಿದ. ಕಪ್ಪು ತುಂಡು ಹಿಮ ಕರಗಿಸಿಕೊಂಡು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿ ತುಂಡು ಇದ್ದಲ್ಲೇ ಇತ್ತು. 1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ತಗಡಿನ ಚೌಕ ಡಬ್ಬಿಯೊಂದಕ್ಕೆ ಬಿಸಿನೀರು ತುಂಬಿ, ಅದರ ಒಂದೊಂದು ಮೈಯನ್ನು ಒಂದೊಂದು ಬಗೆ ಮಾಡಿ, ಯಾವುದರಿಂದ ಎಷ್ಟು ಶಾಖ ಹೊರಬರುತ್ತದೆ ಎಂದು ಅಳೆದ. ಮಸಿ ಹಚ್ಚಿದ ಮೈ ಹೆಚ್ಚು ಸೂಸಿತು, ಹೊಳೆಯುವ ತಗಡು ತೀರಾ ಕಡಿಮೆ. ಸೋಜಿಗವೆಂದರೆ ಬಿಳಿ ಕಾಗದ ಅಂಟಿಸಿದ ಮೈ ಹೆಚ್ಚೂಕಡಿಮೆ ಮಸಿಯಷ್ಟೇ ಸೂಸಿತು. ಕಣ್ಣಿಗೆ ಕಾಣುವ ಬಣ್ಣ ಒಂದು, ಶಾಖದ ಬಣ್ಣ ಇನ್ನೊಂದು ಎಂದು ಆ ಡಬ್ಬಿ ತೋರಿಸಿಕೊಟ್ಟಿತು.

ಇದಕ್ಕೆ ನಿಯಮದ ರೂಪ ಕೊಟ್ಟವನು ಜರ್ಮನಿಯ ಗುಸ್ಟಾವ್ ಕಿರ್ಕಾಫ್, 1859–60ರಲ್ಲಿ. ಒಂದು ತಾಪದಲ್ಲಿ, ಒಂದು ತರಂಗಾಂತರದಲ್ಲಿ, ವಸ್ತು ಎಷ್ಟು ಚೆನ್ನಾಗಿ ಹೀರುತ್ತದೋ ಅಷ್ಟೇ ಚೆನ್ನಾಗಿ ಸೂಸುತ್ತದೆ. ಬಿದ್ದದ್ದನ್ನೆಲ್ಲ ಹೀರುವ, ಗುಣಾಂಕ ಸರಿಯಾಗಿ ಒಂದಾಗಿರುವ ಆದರ್ಶ ವಸ್ತುವಿಗೆ ಕೃಷ್ಣಕಾಯ ಎಂಬ ಕಲ್ಪನೆ ಕೊಟ್ಟವನೂ ಅವನೇ. ಆ ಕೃಷ್ಣಕಾಯದ ಬೆಳಕಿನ ಲೆಕ್ಕ ಬಿಡಿಸಲು ಹೋಗಿ 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಕ್ವಾಂಟಂ ಭೌತವಿಜ್ಞಾನಕ್ಕೆ ಬಾಗಿಲು ತೆರೆದ.

ನಮಗೆ ಬೇಕಾದದ್ದು ಕಿರ್ಕಾಫ್ ಹೇಳಿದ “ಒಂದು ತರಂಗಾಂತರದಲ್ಲಿ” ಎಂಬ ಷರತ್ತು. ಬಿಸಿಲು ಬರುವುದು 0.3ರಿಂದ 2.5 ಮೈಕ್ರೋಮೀಟರ್ ನಡುವಿನ ಅಲೆಗಳಲ್ಲಿ. ಕಾದ ಗೋಡೆ ಶಾಖವನ್ನು ಹೊರಹಾಕುವುದು 10 ಮೈಕ್ರೋಮೀಟರ್ ಆಸುಪಾಸಿನ ಅವಕೆಂಪು ಅಲೆಗಳಲ್ಲಿ. ಮೊದಲನೆಯದರಲ್ಲಿ ಸುಣ್ಣ ಬಿಳಿ. ಎರಡನೆಯದರಲ್ಲಿ ಸುಣ್ಣ ಹತ್ತಿರಹತ್ತಿರ ಕಪ್ಪು, ಅಲ್ಲಿ ಅದರ ಗುಣಾಂಕ 0.9. ಅಂದರೆ ಹಗಲಿನ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಜಿಪುಣ, ಕೂಡಿದ ಶಾಖವನ್ನು ಆಕಾಶಕ್ಕೆ ಕೊಟ್ಟುಬಿಡುವುದರಲ್ಲಿ ಧಾರಾಳಿ. ಹೊಳೆಯುವ ಜಿಂಕ್ ಶೀಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊಸದರಲ್ಲಿ ಅರ್ಧದಷ್ಟು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ನಿಜ. ಆದರೆ ಹೀರಿದ ಶಾಖವನ್ನು ಅವಕೆಂಪಿನಲ್ಲಿ ಹೊರಹಾಕಲು ಅದಕ್ಕೆ ಕೈಯೇ ಬಾರದು. ನೋಡಲು ಹೊಳಪು, ಮುಟ್ಟಿದರೆ ಚುರಕ್ ಎನ್ನುವುದು ಅದಕ್ಕೇ.

ಇನ್ನು ಸೂರಿನ ಕಥೆ. ನಮ್ಮೆರಡು ತಾಲ್ಲೂಕುಗಳಲ್ಲಿ ಬಡವರ ಸೂರು ಹುಲ್ಲಿನದು, ಸ್ವಲ್ಪ ಅನುಕೂಲಸ್ಥರದು ನಾಡಹೆಂಚು. ಕುಂಬಾರರು ತಿಗರಿಯ ಮೇಲೆ ಕೊಳವೆ ತೆಗೆದು, ಉದ್ದಕ್ಕೆ ಎರಡಾಗಿ ಸೀಳಿ ಸುಟ್ಟದ್ದು. ಒಂದು ಸಾಲು ಅಂಗಾತ, ಅದರ ಮೇಲೆ ಇನ್ನೊಂದು ಬೋರಲು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಚಪ್ಪಟೆಯ ಮಂಗಳೂರು ಹೆಂಚು ಹಂತಹಂತವಾಗಿ ಈ ಕಡೆಗೂ ಹತ್ತಿತು. ಬಿಸಿಲು ಹೀರುವುದರಲ್ಲಿ ಎರಡೂ ಹೆಂಚು ಒಳ್ಳೆಯವಲ್ಲ. ಸುಣ್ಣದ ಮೂರು ಪಟ್ಟು ಹೀರುತ್ತವೆ. ಆದರೂ ಹೆಂಚಿನ ಮನೆ ಬದುಕಲಾರದಷ್ಟು ಕಾಯುತ್ತಿರಲಿಲ್ಲ. ಹೆಂಚು ತೆಳು, ಸಂಜೆಯಾಗುತ್ತಲೇ ಆರುತ್ತದೆ. ಸಂದುಗಳಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಅಟ್ಟವಿದ್ದರೆ ಅದೇ ಒಂದು ತಡೆ. ಹೆಂಚಿನ ಸೂರು ಬಿಸಿಲನ್ನು ಹೀರುತ್ತಿತ್ತು, ಆದರೆ ಹೀರಿದ್ದನ್ನು ಕೆಳಗಿದ್ದವರ ಮೇಲೆ ಸುರಿಯುತ್ತಿರಲಿಲ್ಲ.

ಪೇಟೆಯ ಉಳ್ಳವರ ಮನೆಗಳಿಗೆ ಮದ್ರಾಸ್ ತಾರಸಿ ಬಂತು. ತೊಲೆ, ಜಂತೆ, ಅವುಗಳ ಮೇಲೆ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು-ಸುಣ್ಣದ ಕಾಂಕ್ರೀಟು. ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ದಿನಗಟ್ಟಲೆ ಬಡಿದು ಅದನ್ನು ಗಟ್ಟಿ ಮಾಡುತ್ತಿದ್ದರು. ತಾರಸಿ ದಪ್ಪ, ಮಾಳಿಗೆ ಎತ್ತರ. ಬಿಸಿಲು ಮೇಲಿಂದ ಕೆಳಕ್ಕೆ ಇಳಿಯುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು.

ಆಮೇಲೆ ಬಂದವು ಎರಡು: ಕಲ್ನಾರಿನ ಶೀಟು ಮತ್ತು ಆರ್‌ಸಿಸಿ. ಇವು ಹೆಂಚಿನಂತೆ ಸೋರುವುದಿಲ್ಲ, ಕೋತಿ ಕಿತ್ತುಹಾಕುವುದಿಲ್ಲ, ವರ್ಷವರ್ಷ ಕೈಯಾಡಿಸಬೇಕಾಗಿಲ್ಲ. ಜನ ಅವನ್ನು ಬಯಸಿದ್ದರಲ್ಲಿ ತಪ್ಪೇನಿಲ್ಲ; ನಾನೇ ನೂರಾರು ಮನೆಗೆ ಮೋಲ್ಡ್ ಹಾಕಿಸಿದವನು. ಆದರೆ ಉಸಿರಾಡುವ ಹೆಂಚು ಹೋಗಿ ಮುಚ್ಚಿದ ಮುಚ್ಚಳ ಬಂತು. ಮಳೆ ಬಿದ್ದು ಪಾಚಿ ಕಟ್ಟಿ ಕಪ್ಪಿಟ್ಟ ಮೋಲ್ಡಿನ ಹೀರಿಕೆ 0.7 ದಾಟುತ್ತದೆ. ಲೆಕ್ಕ ಹಾಕಿ: ಬೇಸಿಗೆಯ ನಡುಮಧ್ಯಾಹ್ನ ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯ ಮೇಲೆ 100 ಕಿಲೋವಾಟ್. ಕಪ್ಪಿಟ್ಟ ಮೋಲ್ಡು ಅದರಲ್ಲಿ 70 ಕಿಲೋವಾಟ್ ಹೀರಿದರೆ ಸುಣ್ಣ ಬಳಿದದ್ದು 20ರಿಂದ 25. ಹೀರಿದ್ದೆಲ್ಲ ಮನೆಯೊಳಕ್ಕೇ ಇಳಿಯುವುದಿಲ್ಲ. ಗಾಳಿ ಒಂದಿಷ್ಟು ಒಯ್ಯುತ್ತದೆ, ಆಕಾಶಕ್ಕೆ ಒಂದಿಷ್ಟು ಹೋಗುತ್ತದೆ. ಆದರೂ ನಡುವಿನ ಅಂತರ ಎಷ್ಟೆಂದು ನೋಡಿ. ಐದು ಇಂಚಿನ ಮೋಲ್ಡು ಹಗಲಿಡೀ ತುಂಬಿಕೊಂಡ ಶಾಖವನ್ನು ನಾವು ಮಲಗುವ ಹೊತ್ತಿಗೆ ಕೆಳಕ್ಕೆ ಬಿಡುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ಸುತ್ತಿಸುತ್ತದೆ.

ಈ ಬದಲಾವಣೆಯ ಏಟು ಮನುಷ್ಯರಿಗಿಂತ ಮೊದಲು ತಗಲಿದ್ದು ಹುಳುಗಳಿಗೆ. ತಿ. ನರಸೀಪುರ ತಾಲ್ಲೂಕು ರೇಷ್ಮೆಯ ಸೀಮೆ. ಮೈಸೂರು ರೇಷ್ಮೆ ಸೀರೆಗೆ ನೂಲು ಕೊಡುವ ಸರ್ಕಾರಿ ಫಿಲೇಚರ್ ಕೂಡ ಇಲ್ಲಿದೆ. ನನ್ನ ಅಕ್ಕನನ್ನು ಕೊಟ್ಟಿರುವುದು ಮೂಗೂರು ಕಡೆಯ ಹಳ್ಳಿಗೆ. ಭಾವನದು ಮೊದಲು ನಾಡಹೆಂಚಿನ ಮನೆ. ಮನುಷ್ಯರೂ ಹುಳುವೂ ಒಂದೇ ಸೂರಿನಡಿ. ಹುಳು ಹಣ್ಣಾಗುವ ದಿನಗಳಲ್ಲಿ ಮನುಷ್ಯರು ಜಗಲಿಗೆ, ಹುಳು ನಡುಮನೆಗೆ. ರೇಷ್ಮೆ ಹುಳುವಿಗೆ ಬೇಕಾದ ತಾಪ 24ರಿಂದ 28 ಡಿಗ್ರಿ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ದೊಡ್ಡ ಹುಳುವಿಗೆ ಇನ್ನೂ ತಂಪಾದರೆ ಲೇಸು. ಸೆಕೆ ಹೆಚ್ಚಾದರೆ ಸಪ್ಪೆ ರೋಗ, ಹಾಲುತೊಂಡೆ ಸುಲಭವಾಗಿ ತಗಲುತ್ತವೆ. ಭಾವ ಹುಳುಮನೆಯನ್ನು ಬೇರೆ ಮಾಡಿ ಕಲ್ನಾರಿನ ಶೀಟು ಹಾಕಿಸಿದ ಮೇಲೆ ಬೇಸಿಗೆಯ ಬೆಳೆ ಕೈಗೆ ಹತ್ತುವುದೇ ಕಷ್ಟವಾಯಿತು. “ಮಳೆ ಬಂದ್ರೆ ಸೋರಾದಿಲ್ಲ ಅಂತ ಹಾಕಿಸ್ದೆ ಕಣಪ್ಪ, ಬಿಸ್ಲು ಸೋರ್ತಾ ಅದೆ” ಎಂದರು. ಶೀಟಿನ ಮೇಲೆ ಸುಣ್ಣ ಹೊಡೆಸಿ, ಅದರ ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಗೋಣಿತಾಟು ನೆನೆಸಿ ಇಳಿಬಿಟ್ಟ ಮೇಲೆ ಹುಳು ನೆಟ್ಟಗಾದವು. ಹುಳುಮನೆಯ ಸೂರಿಗೆ ಬಿಳಿ ಬಳಿಯಿರಿ, ಗರಿ ಹೊದಿಸಿರಿ ಎಂದು ರೇಷ್ಮೆ ಇಲಾಖೆಯವರು ಹೇಳುವುದೂ ಇದನ್ನೇ.

ಬಿಳಿಯ ಈ ಗುಣವನ್ನು ನಮ್ಮ ದೇಶದಲ್ಲಿ ಹೊಲದ ಮಣ್ಣಿನ ಮೇಲೆಯೇ ಅಳೆದವರಿದ್ದಾರೆ. ಸಿ.ವಿ. ರಾಮನ್ ಅವರ ಬಳಿ ಪಳಗಿದ ಎಲ್.ಎ. ರಾಮದಾಸ್ 1932ರಲ್ಲಿ ಪುಣೆಯಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗದ ಮುಖ್ಯಸ್ಥರಾದರು. ಕರಿಮಣ್ಣಿನ ಮೇಲೆ ಸೀಮೆಸುಣ್ಣದ ಪುಡಿಯ ತೆಳು ಪದರ ಹರಡಿ ಅವರ ತಂಡ ಅಳೆದು ನೋಡಿತು. ಮೇಲ್ಮೈಯಷ್ಟೇ ಅಲ್ಲ, ಕೆಳಗಿನ ಮಣ್ಣೂ ತಂಪಾಯಿತು. ಸುಣ್ಣದ ಹರಳನ್ನು ಹೆರುವ ಕರಿಮಣ್ಣಿಗೆ ಅದೇ ಸುಣ್ಣದಿಂದ ನೆರಳು ಕೊಟ್ಟಂತಾಯಿತು.

ಹಾಗೆಂದು ಬಣ್ಣವೊಂದೇ ಎಲ್ಲವೂ ಅಲ್ಲ. ತಿರುಮಕೂಡಲಿನ ಸಂಗಮದ ಮರಳಾಗಲಿ ತಲಕಾಡಿನ ಮರಳಾಗಲಿ ಡಾಂಬರಿಗಿಂತ ಎಷ್ಟೋ ಬಿಳುಪು. ಆದರೂ ಮಧ್ಯಾಹ್ನ ಕಾಲಿಡಲಾಗದು. ಒಣಮರಳಿನ ಕಣಗಳ ನಡುವೆ ಗಾಳಿ ಇರುವುದರಿಂದ ಹೀರಿದ ಶಾಖ ಕೆಳಗಿಳಿಯದೆ ಮೇಲಿನ ಪದರದಲ್ಲೇ ಕೂರುತ್ತದೆ. ಎಷ್ಟು ಹೀರಿತು ಎನ್ನುವುದರ ಜೊತೆಗೆ ಹೀರಿದ್ದು ಎಲ್ಲಿಗೆ ಹೋಯಿತು ಎಂದೂ ಕೇಳಬೇಕು. ಹೆಂಚಿಗೂ ಮೋಲ್ಡಿಗೂ ಇರುವ ವ್ಯತ್ಯಾಸವೂ ಅದೇ.

ಹೀರಬೇಕಾದ ಕಡೆ ಹೀರಿಸಲೂ ಮನುಷ್ಯ ಕಲಿತ. 1955ರಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಸುಣ್ಣಕ್ಕೆ ಸರಿಯಾಗಿ ವಿರುದ್ಧವಾದ ಲೇಪವನ್ನು ತೋರಿಸಿದ: ಬಿಸಿಲನ್ನು ಕೃಷ್ಣಕಾಯದಂತೆ ಹೀರಬೇಕು, ಅವಕೆಂಪಿನಲ್ಲಿ ಹೊಳೆವ ಲೋಹದಂತೆ ಬಿಗಿಹಿಡಿಯಬೇಕು. ಇಂದು ನಂಜನಗೂಡು, ನರಸೀಪುರದ ತಾರಸಿಗಳ ಮೇಲೆ ಸಾಲುಸಾಲಾಗಿ ಕೂತ ಸೋಲಾರ್ ವಾಟರ್ ಹೀಟರ್‌ಗಳ ಕಪ್ಪು ಮೈ ಆ ಜಾತಿಯದು. ಹೀರಿಕೆ 0.9ರ ಮೇಲೆ, ಸೂಸಿಕೆ 0.1ರ ಆಸುಪಾಸು. ಸ್ನಾನದ ನೀರು ಕಾಯಿಸಲು ತಕ್ಕ ಮೈಯನ್ನು ದುಡ್ಡು ಕೊಟ್ಟು ತಂದು ಕೂರಿಸುವ ನಾವು, ಅದರ ಸುತ್ತಲಿನ ತಾರಸಿಗೆ ಯಾವ ಮೈ ತಕ್ಕದ್ದೆಂದು ಯೋಚಿಸುವುದಿಲ್ಲ.

ಸುಣ್ಣ ಹಿಂದೆ ಸರಿದದ್ದಕ್ಕೆ ಕಾರಣಗಳಿವೆ. ಬಟ್ಟೆಗೆ, ಕೈಗೆ ಹತ್ತುತ್ತದೆ, ಪ್ರತಿವರ್ಷ ಹೊಡೆಯಬೇಕು, ಡಿಸ್ಟೆಂಪರು, ಎಮಲ್ಶನ್ನು ಬಂದ ಮೇಲೆ ಬಡವರ ಬಣ್ಣ ಎಂಬ ಹೆಸರೂ ಬಂತು. ಗೂಡುಗಳು ಆರಿದವು. ಅಪ್ಪನ ಜೊತೆ ಏಣಿ ಹಿಡಿದವರ ಮಕ್ಕಳು ಈಗ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ, ಶೀಟಿನ ಸೂರಿನಡಿ ಪಾಳಿ ಕೆಲಸ ಮಾಡುತ್ತಿದ್ದಾರೆ. ಹೊಸ ಮನೆಗಳ ಹೊರಗೋಡೆಗೆ ಈಚೆಗೆ ಕಡು ಕಂದು, ಬೂದು ಬಣ್ಣಗಳು ರೂಢಿಗೆ ಬಂದಿವೆ.

ಆದರೆ ಬೇರೆ ಊರುಗಳು ಸುಣ್ಣದ ಕಡೆಗೆ ಮತ್ತೆ ತಿರುಗಿವೆ. 2010ರ ಬಿಸಿಗಾಳಿಯಲ್ಲಿ ಬೆಂದ ಅಹಮದಾಬಾದ್ 2013ರಲ್ಲಿ ಬಿಸಿಲ ಝಳಕ್ಕೆಂದೇ ಯೋಜನೆ ರೂಪಿಸಿತು, ಮುಂದೆ ಕೊಳೆಗೇರಿಗಳ ಸೂರಿಗೆ ಸುಣ್ಣ ಬಳಿಸಿತು. ತೆಲಂಗಾಣ 2023ರಲ್ಲಿ ತಂಪು ಸೂರುಗಳಿಗಾಗಿ ಪ್ರತ್ಯೇಕ ನೀತಿಯನ್ನೇ ಹೊರಡಿಸಿತು.

ಸುಣ್ಣ ಹೊಡೆಯುತ್ತಿದ್ದ ನಮ್ಮ ಪದ್ಧತಿ ಒಳ್ಳೆಯದೇ, ಆದರೆ ಅದು ಗೋಡೆಗೇ ನಿಂತಿತ್ತು. ಏಪ್ರಿಲ್‌ನ ನೆತ್ತಿಯ ಸೂರ್ಯ ನಡುಮಧ್ಯಾಹ್ನ ಗೋಡೆಯನ್ನು ಮುಟ್ಟುವುದು ಕಡಿಮೆ. ಅವನ ಪೆಟ್ಟೆಲ್ಲ ಸೂರಿಗೆ. ಹೆಂಚಿದ್ದಾಗ ಅದು ನಡೆಯುತ್ತಿತ್ತು, ಮೋಲ್ಡಿಗೆ ನಡೆಯದು. ಗೋಡೆಯಲ್ಲಿದ್ದ ಸುಣ್ಣ ಈಗ ತಾರಸಿ ಹತ್ತಬೇಕು. ನನ್ನ ಗಿರಾಕಿಗಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಶಿವರಾತ್ರಿ ಕಳೆದ ಮೇಲೆ ತಾರಸಿಯ ಪಾಚಿ ಉಜ್ಜಿ ತೊಳೆಯಿರಿ, ಸುಣ್ಣ ನೆನೆಸಿ ಸೋಸಿ ಗೋಂದು ಬೆರೆಸಿ ಎರಡು ಕೈ ಹೊಡೆಯಿರಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಧೂಳು ಕೂತು ಮಳೆ ಬಿದ್ದು ಬಿಳುಪು ಮಾಸಿದಷ್ಟೂ ಹೀರಿಕೆ ಏರುವುದರಿಂದ ಪ್ರತಿವರ್ಷ ಮಾಡಬೇಕು. ಖರ್ಚು ಒಂದು ಫ್ಯಾನಿನದ್ದಕ್ಕಿಂತ ಹೆಚ್ಚಿಲ್ಲ. ಜಾತ್ರೆಗೆ ಮುಂಚೆ ಮುಗಿಸಿ.